ನಮ್ಮ ಸಭಾಂಗಣದ ಪಿಯಾನೋವೂ ನಾಲ್ಕು ತಂತಿವಾದ್ಯಗಳೂ

ನಮ್ಮ ಶಾಲೆಯ ಸಭಾಂಗಣದಲ್ಲಿ ವೇದಿಕೆಯ ಎಡಗಡೆಗೆ ನಿಂತಿರುವ ದೊಡ್ಡ ಪಿಯಾನೋವನ್ನು ಅರಿಯದವರು ಈ ಸಂಚಿಕೆಯನ್ನು ಓದುವ ಹಳೆ ವಿದ್ಯಾರ್ಥಿನಿಯರಲ್ಲಿ ಯಾರೂ ಇರಲಾರರು. ಬೆಳಗಿನ ಪ್ರಾರ್ಥನೆಗೆ ಅದರ ಮೊದಲನೆಯ ಸ್ವರವನ್ನು ಕೇಳಿಯೇ ನೀವು ಎದ್ದು ನಿಲ್ಲುತ್ತಿದ್ದಿರಿ. ಅದರ ಮುಚ್ಚಳದ ಮೇಲೆ ಬುತ್ತಿಯ ಡಬ್ಬಿಯನ್ನಿಟ್ಟು ನಮ್ಮಿಂದ ಬೈಸಿಕೊಂಡವರೂ ನಿಮ್ಮಲ್ಲಿ ಇದ್ದೀರಿ. ಆ ಪಿಯಾನೋವನ್ನು ಮಾರಿಬಿಟ್ಟು, ಅದರ ಸ್ಥಾನದಲ್ಲಿ ವಿದ್ಯುತ್ತಿನಿಂದ ನುಡಿಯುವ ಕೀಬೋರ್ಡೊಂದನ್ನು ಕೊಳ್ಳಬೇಕೆಂಬ ಸೂಚನೆಯು ಈ ವರ್ಷ ಆಡಳಿತ ಸಮಿತಿಯ ಮುಂದೆ ಬಂದಿದೆ. ಸೂಚನೆ ಮಾಡಿದವರು ಶಾಲೆಯ ಹಿತವನ್ನು ಬಯಸುವವರೇ. ಪಿಯಾನೋವನ್ನು ಶ್ರುತಿಗೂಡಿಸುವವರು ಬೆಂಗಳೂರಿನಿಂದ ಬರಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯ ತೇವಕ್ಕೆ ಅದರ ತಂತಿಗಳು ತುಕ್ಕು ಹಿಡಿಯುತ್ತವೆ, ಮನೆಗಳು ಉಬ್ಬಿ ಒಮ್ಮೆ ಒತ್ತಿದವು ಮೇಲಕ್ಕೇಳವು. ಗೆದ್ದಲಿನ ಭಯವಂತೂ ವರ್ಷವಿಡೀ ಇದ್ದದ್ದೇ. ಕೀಬೋರ್ಡಿಗೋ ಈ ರೋಗಗಳೊಂದೂ ಇಲ್ಲ. ಅದಲ್ಲದೆ ಅದರೊಳಗೆ ಇಡೀ ವಾದ್ಯವೃಂದವೇ ಅಡಗಿರುವದು. ಗುಂಡಿಯನ್ನೊತ್ತಿದರೆ ಪಿಟೀಲುಗಳೂ ಕೊಂಬುಗಳೂ ಹುಡುಗಿಯ ಹಿಂದೆ ನುಡಿಯತೊಡಗುವವು. ಹೀಗಿರಲಾಗಿ ಹಳೆಯದನ್ನು ಸಾಕುವದು ಯಾಕೆ ಎಂದು ಅನೇಕ ತಾಯ್ತಂದೆಗಳು ನಮ್ಮನ್ನು ಕೇಳಿದ್ದಾರೆ. ಸಮಿತಿಯು ತೀರ್ಮಾನಿಸುವದಕ್ಕೆ ಮುಂಚೆ ನಮ್ಮ ಅಭಿಪ್ರಾಯವನ್ನು ಇಲ್ಲಿ ಬಿಚ್ಚಿ ಹೇಳುವದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ.

ಕಂಚೆರ್ಟೋ ಎಂದರೆ ಒಬ್ಬ ವಾದಕನೂ ಒಂದು ವೃಂದವೂ ಮಾತಿಗೆ ಮಾತು ಕೊಟ್ಟು ನುಡಿಸುವ, ಸಾಮಾನ್ಯವಾಗಿ ಮೂರು ಭಾಗಗಳುಳ್ಳ ಕೃತಿ. ಪಿಯಾನೋವನ್ನು ಕಲಿಯುವ ಪ್ರತಿಯೊಬ್ಬ ಹುಡುಗಿಗೂ ಒಂದು ದಿನ ಇದನ್ನು ನುಡಿಸಬೇಕೆಂಬ ಆಸೆ ಹುಟ್ಟುತ್ತದೆ. ಆದರೆ ನಲವತ್ತು ಮಂದಿಯ ವಾದ್ಯವೃಂದವನ್ನು ಹೈಸ್ಕೂಲೊಂದು ಎಲ್ಲಿಂದ ತರಬೇಕು? ಆದಕಾರಣ ಅದು ದೊಡ್ಡ ಪಟ್ಟಣಗಳ ದೊಡ್ಡ ಸಭೆಗಳಿಗೆ ಸೇರಿದ ವಸ್ತುವೆಂದು ಅಧ್ಯಾಪಕಿಯರೂ ಬಿಟ್ಟುಬಿಡುತ್ತಾರೆ. ಅಥವಾ ಯಂತ್ರದ ಬೆನ್ನಿಗೆ ಹುಡುಗಿಯನ್ನು ಕಟ್ಟುತ್ತಾರೆ. ಮೂರನೆಯ ದಾರಿಯೊಂದು ಉಂಟು. ಅದನ್ನು ತೋರಿಸಿಕೊಟ್ಟವನು ಮೊಜಾರ್ಟನೇ ಹೊರತು ನಾವಲ್ಲ.

1781ರಲ್ಲಿ ಮೊಜಾರ್ಟನು ವಿಯೆನ್ನಾ ನಗರದಲ್ಲಿ ನೆಲೆಸಿದನು. ಮರುವರ್ಷ ಮದುವೆಯಾದನು. ಸಂಬಳದ ಉದ್ಯೋಗವಿಲ್ಲ, ಪಾಠ ಹೇಳಿ, ಕಚೇರಿ ನಡಿಸಿ, ಕೃತಿಗಳನ್ನು ಮಾರಿ ಸಂಸಾರ ಸಾಗಬೇಕು. 1782ರ ಕೊನೆಗೂ 1783ರ ಆದಿಗೂ ಅವನು ಮೂರು ಪಿಯಾನೋ ಕಂಚೆರ್ಟೋಗಳನ್ನು ಬರೆದನು. ಕೋಖೆಲನ ಪಟ್ಟಿಯಲ್ಲಿ ಅವು 413, 414, 415 ಎಂಬ ಅಂಕಿಗಳನ್ನು ಹೊಂದಿವೆ. 1783ರ ಜನವರಿಯಲ್ಲಿ ವಿಯೆನ್ನಾದ ವರ್ತಮಾನಪತ್ರದಲ್ಲಿ ಅವನು ಒಂದು ಪ್ರಕಟಣೆ ಕೊಟ್ಟನು. ಈ ಮೂರು ಕೃತಿಗಳನ್ನು ಊದುವ ವಾದ್ಯಗಳು ಸಹಿತವಾದ ಪೂರ್ಣ ವೃಂದದೊಡನೆ ನುಡಿಸಬಹುದು. ಇಲ್ಲವೆ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ, ಈ ನಾಲ್ಕರೊಡನೆ ಮಾತ್ರವೇ ನುಡಿಸಬಹುದು ಎಂಬದು ಅದರ ತಾತ್ಪರ್ಯ. ಮುಂಗಡವಾಗಿ ಚಂದಾ ಕೊಡುವವರಿಗೆ ಬೆಲೆ 4 ಡಕಾಟು. ಮಹಾಪುರುಷನು ಅಂಗಡಿಯವನಂತೆ ಮಾತಾಡಿದನೇ ಎಂದು ಕೆಲವರಿಗೆ ಬೇಸರವಾಗಬಹುದು. ನಮಗೇನೋ ಈ ಪ್ರಕಟಣೆಯು ಬಹಳ ಪ್ರಿಯವಾದದ್ದು. ಯಾಕಂದರೆ ಅವನು ಕಣ್ಣೆದುರಿಗಿಟ್ಟುಕೊಂಡದ್ದು ಅರಮನೆಗಳನ್ನು ಮಾತ್ರವಲ್ಲ; ಒಂದು ಪಿಯಾನೋ, ಅದನ್ನು ಕಲಿತ ಮಗಳು, ಸಂಜೆಗೆ ಪಿಟೀಲು ಹಿಡಿದು ಬರುವ ನೆರೆಯವರು, ಇಷ್ಟಿರುವ ಮನೆಗಳನ್ನು. ಆ ಮೂರು ಕೃತಿಗಳನ್ನು ವಿಯೆನ್ನಾದ ಆರ್ಟಾರಿಯಾ ಸಂಸ್ಥೆಯವರು 1785ರಲ್ಲಿ ಅಚ್ಚು ಹಾಕಿಸಿದರು.

ಅವುಗಳೊಳಗೆ 414ನೆಯದು, ಏ ಮೇಜರ್ ಶ್ರುತಿಯದು, ನಮ್ಮಂಥವರಿಗೆ ಎಲ್ಲಕ್ಕಿಂತಲೂ ತಕ್ಕದ್ದು. ಅದರ ಪೂರ್ಣ ವೃಂದದಲ್ಲಿಯೂ ಊದುವ ವಾದ್ಯಗಳು ಎರಡು ಓಬೋ, ಎರಡು ಹಾರ್ನ್ ಮಾತ್ರ. ಅವು ಮಾಡುವದು ಬಹುಮಟ್ಟಿಗೆ ತಂತಿಗಳು ಹೇಳಿದ್ದಕ್ಕೆ ಬಣ್ಣ ಕೊಡುವದು, ಬಲ ಕೊಡುವದು. ಅವನ್ನು ತೆಗೆದರೆ ಚಿತ್ರದ ಬಣ್ಣ ಸ್ವಲ್ಪ ಮಾಸೀತು, ರೇಖೆಯೊಂದೂ ಅಳಿಯದು. 415ನೆಯದರ ವಿಷಯ ಹಾಗಲ್ಲ. ಅದರಲ್ಲಿ ತುತೂರಿಯೂ ನಗಾರಿಯೂ ಇವೆ. ಕರ್ತೃವೇ ಅನುಮತಿ ಕೊಟ್ಟಿದ್ದರೂ ನಾಲ್ಕು ತಂತಿವಾದ್ಯಗಳೊಡನೆ ಅದು ಮೆರವಣಿಗೆಯಿಲ್ಲದ ದಿಬ್ಬಣದಂತೆ ನಮ್ಮ ಕಿವಿಗೆ ಕೇಳಿಸಿತು. 449ನೆಯ ಕೃತಿಯನ್ನು ಅವನು 1784ರ ಫೆಬ್ರವರಿಯಲ್ಲಿ ಬಾರ್ಬರಾ ಪ್ಲೋಯರ್ ಎಂಬ ಎಳೆಯ ಶಿಷ್ಯೆಗಾಗಿ ಬರೆದನು. ಇದನ್ನೂ ಊದುವ ವಾದ್ಯಗಳಿಲ್ಲದೆ ನಾಲ್ಕು ಮಂದಿಯೊಡನೆ ನುಡಿಸಬಹುದೆಂದೂ, ಕೂಡ ಕಳುಹಿಸಿದ ಉಳಿದ ಹೊಸ ಕೃತಿಗಳಿಗೆ ಆ ವಾದ್ಯಗಳು ಬೇಕೇಬೇಕೆಂದೂ ಅದೇ ಮೇ ತಿಂಗಳಲ್ಲಿ ತಂದೆಗೆ ಕಾಗದ ಬರೆದನು. ಹೆಣ್ಣುಮಕ್ಕಳ ಶಾಲೆಯವರಾದ ನಾವು ಬಾರ್ಬರಾ ಪ್ಲೋಯರಳ ಹೆಸರನ್ನು ಮರೆಯಬಾರದು.

ಎಲ್ಲೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. 1785ರ ಡಿ ಮೈನರ್ ಕೃತಿಯನ್ನಾಗಲಿ, 1786ರಲ್ಲಿ ಬರೆದ 488 ಮತ್ತು 491ನೆಯ ಕೃತಿಗಳನ್ನಾಗಲಿ ಬರೀ ನಾಲ್ಕು ತಂತಿವಾದ್ಯಗಳೊಡನೆ ನುಡಿಸುವದು ಸಲ್ಲದು. ಅಲ್ಲಿ ಊದುವ ವಾದ್ಯಗಳು ಪಿಯಾನೋದೊಡನೆ ನೇರವಾಗಿ ಸಂಭಾಷಿಸುತ್ತವೆ. ಅವನ್ನು ಬಿಟ್ಟರೆ ಪ್ರಶ್ನೆ ಉಳಿಯುತ್ತದೆ, ಉತ್ತರ ಹೋಗುತ್ತದೆ. ಅಂಥಾ ಕೃತಿಗಳನ್ನೂ ಚಿಕ್ಕ ವೃಂದಕ್ಕೆ ಅಳವಡಿಸಿ ಬರೆದವರು ಇದ್ದಾರೆ. ಬಾಲ್ಯದಲ್ಲಿ ಮೊಜಾರ್ಟನ ಮನೆಯಲ್ಲಿಯೇ ಇದ್ದು ಕಲಿತ ಹುಮ್ಮೆಲನು ಕೆಲವನ್ನು ಪಿಯಾನೋ, ಕೊಳಲು, ಪಿಟೀಲು, ಚೆಲ್ಲೋಗಳಿಗೆ ಇಳಿಸಿದನು; ಇಗ್ನಾಟ್ಸ್ ಲಾಖ್ನರನು ನಾಲ್ಕು ತಂತಿವಾದ್ಯಗಳಿಗೆ ಡಬಲ್ ಬಾಸನ್ನು ಸೇರಿಸಿ ಅಳವಡಿಸಿದನು. ಶೋಪ್ಯಾನನು ತನ್ನ ಎಫ್ ಮೈನರ್ ಕಂಚೆರ್ಟೋವನ್ನು 1830ರ ಮಾರ್ಚಿಯಲ್ಲಿ ವಾರ್ಸಾದ ನಾಟಕಶಾಲೆಯಲ್ಲಿ ನುಡಿಸುವದಕ್ಕೆ ಮುಂಚೆ ಮನೆಯಲ್ಲಿ ಚಿಕ್ಕ ವೃಂದದೊಡನೆ ನುಡಿಸಿ ನೋಡಿದ್ದನು. ಹೀಗೆ ಇದು ಬಡವರು ಕಂಡುಹಿಡಿದ ಉಪಾಯವೇನಲ್ಲ. ಆ ಕಾಲದ ವಾಡಿಕೆಯೇ ಆಗಿತ್ತು.

ಆದರೂ ಒಂದು ತೊಡಕು ಉಂಟು. ಮೊಜಾರ್ಟನ ಪಿಯಾನೋ ನಮ್ಮದಲ್ಲ. ಅದರ ಚೌಕಟ್ಟು ಮರದ್ದು, ತಂತಿಗಳು ಸಣ್ಣವು, ಮನೆಗಳು ಐದು ಸ್ಥಾಯಿಗಳಿಗೆ ಸಾಕಾಗುವಷ್ಟು. ಅದರ ಧ್ವನಿಯು ಪಿಟೀಲಿನ ಪಕ್ಕದಲ್ಲಿ ಸಮಜೋಡಿಯಾಗಿ ಕುಳಿತುಕೊಳ್ಳುತ್ತಿತ್ತು. ಈಗಿನ ಪಿಯಾನೋಗಳಿಗೆ 88 ಮನೆಗಳು. ತಂತಿಗಳ ಸೆಳೆತವನ್ನು ತಡೆಯಲು ಎರಕದ ಕಬ್ಬಿಣದ ಚೌಕಟ್ಟು. ಇದರ ಮುಂದೆ ನಾಲ್ಕು ಕಮಾನುಗಳ ನಾದವು ಗಾಳಿಗೆ ಹಿಡಿದ ದೀಪದಂತೆ. ಮೊದಲನೆಯ ಅಭ್ಯಾಸದಲ್ಲಿ ನಾವು ಮುಚ್ಚಳವನ್ನು ಪೂರ್ತಿ ತೆರೆದಿದ್ದೆವು. ಸಭಾಂಗಣದ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮಗೆ ಪಿಟೀಲುಗಳ ಕಮಾನು ಆಡುವದು ಕಂಡಿತೇ ಹೊರತು ಧ್ವನಿ ಬರಲಿಲ್ಲ. ಆಮೇಲೆ ಗಿಡ್ಡ ಕೋಲಿನ ಮೇಲೆ ಮುಚ್ಚಳವನ್ನು ಇಟ್ಟೆವು. ನಾಲ್ವರನ್ನೂ ಪಿಯಾನೋದ ಬಾಗಿನ ಒಳಗಡೆ ಕುಳ್ಳಿರಿಸಿ, ಚೆಲ್ಲೋ ನುಡಿಸುವವಳಿಗೆ ಪಿಯಾನೋದವಳ ಮುಖವು ಕಾಣುವಂತೆ ಮಾಡಿದೆವು. ಕಾಲಿನ ಪೆಡಲನ್ನು ಬಹಳ ಕಡಿಮೆ ಉಪಯೋಗಿಸಬೇಕು. ಎಡಗೈಯು ಚೆಲ್ಲೋದ ಮೇಲೆ ಕುಳಿತುಬಿಡಬಾರದು. ವೃಂದವೊಂದೇ ನುಡಿಸುವ ಕಡೆಗಳಲ್ಲಿ ಪಿಯಾನೋದವಳು ಕೈಕಟ್ಟಿ ಕೂಡ್ರಬೇಕಾಗಿಲ್ಲ. ಆ ಕಾಲದಲ್ಲಿ ಪಿಯಾನೋವು ಅಲ್ಲಿಯೂ ಮಂದ್ರದ ಸ್ವರಗಳನ್ನು ಹಿಡಿದು ಮೆಲ್ಲಗೆ ಕೂಡಿಕೊಳ್ಳುತ್ತಿತ್ತು. ನಮ್ಮವಳು ಹಾಗೆ ಮಾಡಿದಾಗ ಇಲ್ಲದ ಹಾರ್ನುಗಳ ಕೊರತೆಯು ಅರ್ಧಕ್ಕರ್ಧ ತುಂಬಿತು.

ಇನ್ನು ನಮಗೆ ಹೇಳಲು ಹಿತವಲ್ಲದ ಸಂಗತಿಗೆ ಬರುತ್ತೇವೆ. ಎರಡು ವರ್ಷಗಳ ಹಿಂದಿನ ವಾರ್ಷಿಕೋತ್ಸವಕ್ಕೆ ಬಂದವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇದೇ 414ನೆಯ ಕೃತಿಯ ಮೊದಲನೆಯ ಭಾಗವನ್ನು ಚೆನ್ನಾಗಿ ಕಲಿತಿದ್ದಳು. ಅತಿಥಿಗಳೆದುರಿಗೆ ಶೋಭಿಸಲೆಂದು ವೃಂದದ ಭಾಗವನ್ನು ಧ್ವನಿಮುದ್ರಿಕೆಯಿಂದ ನುಡಿಸಿ ಅದರೊಡನೆ ಅವಳನ್ನು ನುಡಿಸೋಣವೆಂದು ನಿಶ್ಚಯಿಸಿದವರು ನಾವೇ. ನಡುಭಾಗದಲ್ಲಿ ಬೆವರಿದ ಬೆರಳಿಗೆ ಎರಡು ಹಾಳೆಗಳು ಒಟ್ಟಿಗೆ ಮಗುಚಿಕೊಂಡವು. ಹುಡುಗಿ ತಡವರಿಸಿದಳು. ಯಂತ್ರವು ತಡವರಿಸಲಿಲ್ಲ. ಅವಳು ಒಮ್ಮೆ ಹಿಡಿಯಲು ಪ್ರಯತ್ನಪಟ್ಟಳು, ಇನ್ನೊಮ್ಮೆ ಪಟ್ಟಳು, ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಳು. ಧ್ವನಿವರ್ಧಕದಿಂದ ವೃಂದವು ಅವಳಿಲ್ಲದೆಯೇ ಕೊನೆಯ ವರೆಗೂ ನುಡಿಸಿತು. ನಾಲ್ಕು ನಿಮಿಷ. ಯಂತ್ರವನ್ನು ನಿಲ್ಲಿಸಬೇಕೆಂಬ ಬುದ್ಧಿಯು ಸಹ ನಮಗಾಗಲಿಲ್ಲ. ಸಭೆಯವರು ಕನಿಕರದಿಂದ ಚಪ್ಪಾಳೆ ತಟ್ಟಿದರು; ಅದು ಎಲ್ಲಕ್ಕಿಂತಲೂ ಹೆಚ್ಚಾಗಿ ನೋಯಿಸಿತು. ಎರಡು ದಿನ ಅವಳು ಶಾಲೆಗೆ ಬರಲಿಲ್ಲ. ಮೂರನೆಯ ದಿನ ಅವಳ ತಾಯಿಯು ನಮ್ಮ ಕೋಣೆಗೆ ಬಂದು, "ನನ್ನ ಮಗಳು ತಪ್ಪಿದಳು, ಅದು ಸರಿ, ಆದರೆ ಅವಳಿಗಾಗಿ ಕಾಯುವವರು ಅಲ್ಲಿ ಒಬ್ಬರಾದರೂ ಇದ್ದರೇ, ಅಮ್ಮಾ?" ಎಂದು ಕೇಳಿದರು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅಧ್ಯಾಪಕಿಯ ಕೆಲಸ ಮಾಡಿದ ನಮಗೆ ಆ ಹೊತ್ತು ಉತ್ತರ ತೋಚಲಿಲ್ಲ.

ಆ ಪ್ರಶ್ನೆಯಿಂದಲೇ ನಾಲ್ವರನ್ನು ಕೂಡಿಸುವ ಪ್ರಯತ್ನವು ಹುಟ್ಟಿತು. ಪರೀಕ್ಷೆಗಳಿಗಾಗಿ ಪಾಶ್ಚಾತ್ಯ ಕ್ರಮದಲ್ಲಿ ಪಿಟೀಲು ಕಲಿಯುತ್ತಿದ್ದ ಒಬ್ಬಳು ಸಿಕ್ಕಿದಳು. ಹಳೆ ವಿದ್ಯಾರ್ಥಿನಿಯೊಬ್ಬರು ತಮ್ಮ ಮನೆಯಲ್ಲಿ ಮಲಗಿದ್ದ ಚೆಲ್ಲೋವನ್ನು ಕೊಟ್ಟದ್ದಲ್ಲದೆ, ಶನಿವಾರಗಳಲ್ಲಿ ಬಂದು ಒಬ್ಬಳಿಗೆ ಕಲಿಸುವ ಉಪಕಾರವನ್ನೂ ಮಾಡಿದರು. ಎರಡನೆಯ ಪಿಟೀಲಿಗೆ ಸಿಕ್ಕಿದವಳು ಅಜ್ಜಿಯ ಬಳಿಯಲ್ಲಿ ಕರ್ನಾಟಕ ಸಂಗೀತ ಕಲಿತವಳು. ನೆಲದ ಮೇಲೆ ಕುಳಿತು ಪಿಟೀಲಿನ ತುದಿಯನ್ನು ಹಿಮ್ಮಡಿಯ ಬಳಿ ಊರಿ ನುಡಿಸುವ ಅಭ್ಯಾಸ. ಅವಳ ತಂತಿಗಳ ಶ್ರುತಿ ಬೇರೆ, ಬೆರಳಿನ ನಡೆ ಬೇರೆ. ಕುರ್ಚಿಯ ಮೇಲೆ ಕೂಡ್ರುವದನ್ನು ಕಲಿಯಲು ಒಂದು ತಿಂಗಳು ಹಿಡಿಯಿತು. ಸ್ವರವನ್ನು ಆಡಿಸದೆ ನೆಟ್ಟಗೆ ನಿಲ್ಲಿಸುವದನ್ನು ಕಲಿಯಲು ಮೂರು ತಿಂಗಳು. ಆದರೆ ನಾಲ್ವರೊಳಗೆ ಶ್ರುತಿ ಕಿಂಚಿತ್ತು ಸರಿದರೂ ಮೊದಲು ಮುಖ ಸಿಂಡರಿಸುತ್ತಿದ್ದವಳು ಅವಳೇ. ಪಿಟೀಲು ನಮ್ಮ ಸಂಗೀತಕ್ಕೆ ಬಂದದ್ದೂ ಹೀಗೆ ಆಚೀಚೆ ಎರಡು ಕಡೆಯೂ ಕಿವಿಗೊಟ್ಟವರಿಂದಲೇ ಅಲ್ಲವೇ? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿಯವರು ಮದರಾಸಿನಲ್ಲಿ ಯೂರೋಪಿನ ಪಿಟೀಲನ್ನು ಕಲಿತು ಅದನ್ನು ನಮ್ಮ ರಾಗಗಳಿಗೆ ಒಗ್ಗಿಸಿದರು. ನಮ್ಮ ಹುಡುಗಿಯು ಅದೇ ಹಾದಿಯಲ್ಲಿ ಹಿಂದಕ್ಕೆ ನಡೆದಳೆಂದು ಹೇಳಬಹುದು.

ವಿಯೋಲಾದ ಕಥೆಯು ಬೇರೆ. ಊರಿನಲ್ಲಿ ಹುಡುಕಿದರೂ ನಮಗೆ ವಿಯೋಲಾ ಸಿಗಲಿಲ್ಲ. ಅದಕ್ಕಿಂತ ಮಿಗಿಲಾಗಿ, ಅದನ್ನು ನುಡಿಸುವ ಮನಸ್ಸುಳ್ಳವಳು ಸಿಗಲಿಲ್ಲ. ಪಿಟೀಲು ಬಲ್ಲ ಮೂರನೆಯವಳೊಬ್ಬಳ ತಂದೆಯವರು, "ನಮ್ಮ ಹುಡುಗಿ ಹಿಂದೆ ಕೂತು ಗುಂಯ್‌ಗುಟ್ಟುವದಕ್ಕಾಗಿ ಇಷ್ಟು ವರ್ಷ ಫೀಜು ಕೊಟ್ಟೆನೇ?" ಎಂದು ಸಿಟ್ಟಾದರು. ಅವರೊಬ್ಬರೇ ಅಲ್ಲ. ಪಿಯಾನೋದ ಮುಂದೆ ತಮ್ಮ ಮಗಳು ಕೂಡ್ರಬೇಕೆಂದು ನಮ್ಮಲ್ಲಿಗೆ ಬಂದವರನ್ನು ಲೆಕ್ಕವಿಡಲಾರೆವು. ವಿಯೋಲಾಕ್ಕೆ ಕೂಡ್ರಲೆಂದು ಈ ವರೆಗೆ ಒಬ್ಬರೂ ಬಂದಿಲ್ಲ. ಇದು ಸಂಗೀತದ ತರಗತಿಯಲ್ಲಿ ಮಾತ್ರ ಕಾಣುವ ರೋಗವಲ್ಲವೆಂದು ತಾಯ್ತಂದೆಗಳು ಕ್ಷಮಿಸಿ ಓದಬೇಕು. ಆ ಮಹನೀಯರಿಗೆ ನಾವು ಒಂದು ಸಂಗತಿಯನ್ನು ಹೇಳಿದೆವು. 1784ರ ಸುಮಾರಿಗೆ ವಿಯೆನ್ನಾದಲ್ಲಿ ಸ್ನೇಹಿತರ ಕೂಟವೊಂದರಲ್ಲಿ ನಾಲ್ವರು ತಂತಿವಾದ್ಯಗಳನ್ನು ನುಡಿಸಿದ್ದನ್ನು ಐರಿಷ್ ಗಾಯಕ ಮೈಕೆಲ್ ಕೆಲ್ಲಿಯು ತನ್ನ ನೆನಪುಗಳಲ್ಲಿ ಬರೆದಿದ್ದಾನೆ: ಮೊದಲನೆಯ ಪಿಟೀಲು ಹೈಡನ್, ಎರಡನೆಯದು ಡಿಟ್ಟರ್ಸ್‌ಡಾರ್ಫ್, ಚೆಲ್ಲೋ ವಾನ್‌ಹಾಲ್; ವಿಯೋಲಾ ಹಿಡಿದವನು ಮೊಜಾರ್ಟ್. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆಗಲಿ" ಎಂದರು. ವಿಯೋಲಾ ಇಲ್ಲದ ಕಾರಣ ಅದರ ಪಾತ್ರವನ್ನು ಪಿಟೀಲಿನಲ್ಲಿಯೇ ನುಡಿಸಿದೆವು. ಪಿಟೀಲಿಗೆ ನಿಲುಕದ ತಗ್ಗಿನ ಸ್ವರಗಳನ್ನು ಒಂದು ಸ್ಥಾಯಿ ಮೇಲಕ್ಕೆತ್ತಿ ಬರೆದುಕೊಟ್ಟವರು ನಾವು. ಆ ತೇಪೆಯು ಕೇಳುವವರಿಗೆ ಗೊತ್ತಾಗುತ್ತಿತ್ತು.

ಕಳೆದ ವಾರ್ಷಿಕೋತ್ಸವದಲ್ಲಿ ಎರಡನೆಯ ಮತ್ತು ಮೂರನೆಯ ಭಾಗಗಳನ್ನು ಮಾತ್ರ ನುಡಿಸಿದೆವು. ಪಿಯಾನೋದ ಮುಂದೆ ಕುಳಿತವಳು ಅದೇ ಹುಡುಗಿ. ಅವಳನ್ನು ಒಪ್ಪಿಸುವದು ಸುಲಭವಾಗಿರಲಿಲ್ಲ. ಅದರ ವಿವರ ಇಲ್ಲಿ ಬೇಡ. ಎರಡನೆಯ ಭಾಗವು ನಿಧಾನವಾದದ್ದು. ಅದರ ಮೊದಲಲ್ಲಿ ತಂತಿಗಳು ಹಿಡಿಯುವ ಪಲ್ಲವಿಯು ಯೋಹಾನ್ ಕ್ರಿಶ್ಚಿಯನ್ ಬಾಖನ ಕೃತಿಯೊಂದರಿಂದ ಬಂದದ್ದು. ಮೊಜಾರ್ಟನು ಎಂಟು ವರ್ಷದ ಬಾಲಕನಾಗಿ ಲಂಡನಿಗೆ ಹೋಗಿದ್ದಾಗ ಅವನನ್ನು ಪ್ರೀತಿಯಿಂದ ನಡಿಸಿಕೊಂಡವನು ಆ ಬಾಖ್. ಅವನು 1782ರ ಜನವರಿ 1ರಂದು ತೀರಿಹೋದನು, ಅದೇ ವರ್ಷ ಈ ಕಂಚೆರ್ಟೋ ಹುಟ್ಟಿತು. ಗುರುವಿನಂತಿದ್ದವನಿಗೆ ಸಲ್ಲಿಸಿದ ಕಾಣಿಕೆ ಇದೆಂದು ತಿಳಿದವರು ಹೇಳುತ್ತಾರೆ. ನಾಲ್ಕೇ ತಂತಿವಾದ್ಯಗಳು ಆ ಪಲ್ಲವಿಯನ್ನು ನುಡಿಸಿದಾಗ, ದೊಡ್ಡ ವೃಂದದಲ್ಲಿ ಕಾಣಿಸದ ಒಂದು ಆಪ್ತತೆಯು ಅದರಲ್ಲಿ ತೋರುತ್ತದೆಂದು ನಾವು ಧೈರ್ಯವಾಗಿ ಹೇಳುತ್ತೇವೆ. ಎರಡನೆಯ ಪಿಟೀಲಿನವಳ ಬೆರಳು ಒಂದು ಕಡೆಯಲ್ಲಿ ಹಳೆಯ ಅಭ್ಯಾಸದಂತೆ ತುಸು ಜಾರಿತು. ಅದನ್ನು ತಿದ್ದಲು ನಾವು ಕೊನೆಯ ದಿನದ ವರೆಗೂ ಹೆಣಗಿದ್ದೆವು. ಆ ಸಂಜೆ ಕೇಳಿದಾಗ ತಿದ್ದದೆ ಇದ್ದದ್ದೇ ಒಳ್ಳೇದಾಯಿತೆಂದು ತೋರಿತು.

ಮೂರನೆಯ ಭಾಗದಲ್ಲಿ ಪಿಯಾನೋದವಳು ಪುನಃ ತಪ್ಪಿದಳು. ಅರ್ಧ ತಾಳದಷ್ಟು ಕಾಲ ಅವಳ ಕೈಗಳು ಮನೆಗಳ ಮೇಲೆ ನಿಂತುಬಿಟ್ಟವು. ನಾವು ಕಣ್ಣು ಮುಚ್ಚಿಕೊಂಡೆವು. ಆದರೆ ಚೆಲ್ಲೋ ನುಡಿಸುತ್ತಿದ್ದವಳು ತನ್ನ ಸ್ವರವನ್ನು ಬಿಡದೆ ಕಮಾನನ್ನು ಎಳೆದು ಹಿಡಿದಳು; ಉಳಿದ ಮೂವರು ಅವಳನ್ನು ನೋಡಿ ತಾವೂ ಹಿಡಿದರು; ಪಿಯಾನೋದವಳು ಉಸಿರು ತೆಗೆದುಕೊಂಡು ಒಳಗೆ ಬಂದಳು. ಸಭೆಯಲ್ಲಿ ಹತ್ತು ಮಂದಿಗೂ ಅದು ತಿಳಿದಿರಲಾರದು. ಆಮೇಲೆ ಚೆಲ್ಲೋದವಳನ್ನು ಕರೆದು, ನಿಲ್ಲಬೇಕೆಂದು ನಿನಗೆ ಹೇಗೆ ತೋಚಿತು ಎಂದು ಕೇಳಿದೆವು. "ಅವಳ ಉಸಿರು ನಿಂತದ್ದು ನನಗೆ ಕೇಳಿಸಿತು, ಟೀಚರ್" ಎಂದಳು. ಕಚೇರಿ ಉತ್ತಮವಾಗಿತ್ತೆಂದು ನಾವು ಹೇಳುವದಿಲ್ಲ. ಮೂರನೆಯ ಭಾಗವು ಇರಬೇಕಾದದ್ದಕ್ಕಿಂತ ನಿಧಾನವಾಗಿತ್ತು, ಮುಂದಿನ ಸಾಲಿನ ಒಬ್ಬ ಗಣ್ಯರು ನಿದ್ರೆಹೋಗಿದ್ದರು. ಆ ಪ್ರಶ್ನೆ ಕೇಳಿದ ತಾಯಿಯು ಬಾಗಿಲ ಬಳಿ ನಮ್ಮ ಕೈ ಹಿಡಿದುಕೊಂಡರು, ಏನೂ ಹೇಳಲಿಲ್ಲ.

ಕೀಬೋರ್ಡಿನ ಮೇಲೆ ನಮಗೆ ವೈರವಿಲ್ಲ. ಕೆಳಗಿನ ತರಗತಿಗಳಲ್ಲಿ ಸ್ವರಗಳನ್ನು ಕಲಿಸಲು, ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯಲು ಅದು ಬಹಳ ಅನುಕೂಲವಾದದ್ದು. ಧ್ವನಿಮುದ್ರಿಕೆಯೊಡನೆ ಮನೆಯಲ್ಲಿ ಅಭ್ಯಾಸಮಾಡುವ ಹುಡುಗಿಗೆ ತಾಳವು ಗಟ್ಟಿಯಾಗುತ್ತದೆ ಎಂಬದನ್ನೂ ಒಪ್ಪುತ್ತೇವೆ. ಕೊಳ್ಳುವದಾದರೆ ಕೊಳ್ಳಲಿ, ಆದರೆ ಪಿಯಾನೋವನ್ನು ಮಾರಿದ ಹಣದಿಂದ ಬೇಡ. ಇದೆಲ್ಲಾ ಪರದೇಶದ ಸಂಗೀತ, ನಮಗೇತಕ್ಕೆ ಎನ್ನುವವರಿಗೆ ನಮ್ಮ ನಾಡಿನದೇ ಒಂದು ಮಾತನ್ನು ನೆನಪಿಸುತ್ತೇವೆ. ಲಂಡನಿನಲ್ಲಿ ವಾಸವಾಗಿದ್ದ ರಷ್ಯದ ಸಂಗೀತಕರ್ತ ಮೆಡ್ಟ್ನರನ ಕೃತಿಗಳು ಮುದ್ರಿಕೆಗಳಲ್ಲಿ ಉಳಿದದ್ದು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ ದ್ರವ್ಯಸಹಾಯದಿಂದ. ತನ್ನ ಮೂರು ಪಿಯಾನೋ ಕಂಚೆರ್ಟೋಗಳನ್ನು ಅವನು 1947ರಲ್ಲಿ ಫಿಲ್‌ಹಾರ್ಮೋನಿಯಾ ವೃಂದದೊಡನೆ ನುಡಿಸಿದನು, ಮೂರನೆಯದನ್ನು ಆ ಮಹಾರಾಜರಿಗೇ ಅರ್ಪಿಸಿದ್ದನು. ನಮ್ಮ ಸಂಗೀತವನ್ನು ಚೆನ್ನಾಗಿ ಬಲ್ಲವರಾಗಿ ಕೃತಿಗಳನ್ನು ರಚಿಸಿದ ದೊರೆಗಳೇ ಹೀಗೆ ಎರಡನ್ನೂ ಪ್ರೀತಿಸಿದರು. ಅವರಿಗೆ ಪೂರ್ಣ ವೃಂದವನ್ನು ಕೂಡಿಸುವ ಶಕ್ತಿಯಿತ್ತು. ನಮಗಿರುವದು ನಾಲ್ಕು ಕುರ್ಚಿಗಳು, ಅವುಗಳಲ್ಲೊಂದರ ಮೇಲೆ ತಕ್ಕ ವಾದ್ಯವಿಲ್ಲ.

ಆದಕಾರಣ ನಿಮ್ಮೊಡನೆ ಎರಡು ಬಿನ್ನಹಗಳುಂಟು. ಆಡಳಿತ ಸಮಿತಿಯು ಜೂನ್ ತಿಂಗಳಲ್ಲಿ ಕೂಡುವದು; ಪಿಯಾನೋದ ವಿಷಯದಲ್ಲಿ ಹಳೆ ವಿದ್ಯಾರ್ಥಿನಿಯರು ತಮ್ಮ ಅಭಿಪ್ರಾಯವನ್ನು ಅದಕ್ಕೆ ಮುಂಚೆ ಬರೆದು ತಿಳಿಸಬೇಕು, ನಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೂ ಬರೆಯಬೇಕು. ಎರಡನೆಯದು, ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಪಿಟೀಲಿನಂತೆ ಕಾಣುವ, ಆದರೆ ಅದಕ್ಕಿಂತ ತುಸು ದೊಡ್ಡದಾದ ಪೆಟ್ಟಿಗೆಯೊಂದು ಇದ್ದರೆ ದಯವಿಟ್ಟು ತೆರೆದು ನೋಡಿರಿ. ತಂತಿಗಳಿಲ್ಲದಿದ್ದರೂ ಚಿಂತೆಯಿಲ್ಲ, ಸೇತುವೆ ಮುರಿದಿದ್ದರೂ ಸರಿಮಾಡಿಸಿಕೊಳ್ಳುವೆವು. ಮುಂದಿನ ವರ್ಷಕ್ಕೆ 449ನೆಯದನ್ನು ಹಿಡಿಯಬೇಕೆಂದು ಹುಡುಗಿಯರು ಈಗಲೇ ಹಟಮಾಡುತ್ತಿದ್ದಾರೆ, ಪ್ರತಿಗಳು ಬಂದಿವೆ. ಮಳೆ ಹತ್ತಿರವಾಯಿತಾದಕಾರಣ ತೇವ ಹಿಡಿಯದಂತೆ ಪಿಯಾನೋದ ಒಳಗಡೆಯ ಚಿಕ್ಕ ದೀಪವನ್ನು ಎಂದಿನಂತೆ ಉರಿಸಿಡಲು ಜವಾನನಿಗೆ ಹೇಳಿದ್ದೇವೆ.